ಬರೆದವರು ಸುಮ್ನಿರಬೇಕು, ಕೇಳಿದವರು ಹೇಳಬೇಕು: ನಮ್ಮ ಭಾನುವಾರದ ಕತೆ ಕಮ್ಮಟ

2025ರ ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳಲ್ಲಿ ನಮ್ಮ ಗುಂಪಿನ ಇಬ್ಬರ ಕತೆಗೆ ಬಹುಮಾನ ಬಂತು. ಒಂದು ನನ್ನದು. ಆಮೇಲೆ "ಭಾನುವಾರ ಕೂತ್ಕೊಂಡು ಏನ್ ಮಾಡ್ತೀರಿ ನೀವು?" ಅಂತ ವಿಚಾರಿಸುವವರು ಜಾಸ್ತಿಯಾದರು. ಮೂರು ವರ್ಷದ ಹಿಂದೆಯೂ ಇದನ್ನೇ ಕೇಳಿದ್ದರು, ದನಿ ಮಾತ್ರ ಬೇರೆ ಇತ್ತು. ಕತೆ ಹುಟ್ಟಿನಿಂದ ಬರಬೇಕು, ಬೆಂಚಿನ ಮೇಲೆ ಕೂರಿಸಿ ಕಲಿಸೋಕಾಗಲ್ಲ ಅಂತ ಹಿರಿಯರೊಬ್ಬರು ಸಭೆಯಲ್ಲೇ ಹೇಳಿದ್ದರು. ಅವರೂ ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೂರು ದಿನದ ವಸತಿ ಕಮ್ಮಟಗಳು ಹೇಗಿರುತ್ತವೆ ಅಂತ ನಿಮಗೆ ಗೊತ್ತು. ನಾನೂ ಕೆಲವಕ್ಕೆ ಹೋಗಿದ್ದೆ. ಶುಲ್ಕ, ಬಸ್ಸು, ರಜೆ ಎಲ್ಲ ಲೆಕ್ಕ ಹಾಕಿದರೆ ಒಂದೊಂದಕ್ಕೂ 3,000 ರೂಪಾಯಿಯ ಹತ್ತಿರ ಹೋಗಿರಬೇಕು. ನವೋದಯ, ನವ್ಯ, ದಲಿತ-ಬಂಡಾಯ ಎಲ್ಲದರ ಬಗ್ಗೆ ಒಳ್ಳೊಳ್ಳೆ ಮಾತು ಕೇಳಿದೆ. ಗೆಳೆಯರು ಸಿಕ್ಕರು. ಆದರೆ ನನ್ನ ಕತೆಯ ಎರಡನೇ ಪುಟದಲ್ಲಿ ಓದುವವರಿಗೆ ಬೇಸರ ಯಾಕೆ ಬರುತ್ತೆ ಅಂತ ಬೆರಳಿಟ್ಟು ತೋರಿಸುವವರು ಸಿಗಲಿಲ್ಲ. ಮೂವತ್ತು ನಲವತ್ತು ಜನ ಇದ್ದ ಕಡೆ ಒಬ್ಬೊಬ್ಬರ ಕತೆಗೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು.

ಹಾಗಾಗಿ 2022ರ ಮಳೆಗಾಲದಲ್ಲಿ ಹಾಸನದಲ್ಲೇ ನಾವು ಏಳೆಂಟು ಜನ ಸೇರಿಕೊಂಡೆವು. ಇಬ್ಬರು ಹೈಸ್ಕೂಲ್ ಟೀಚರ್, ಒಬ್ಬರು ನರ್ಸ್, ರಾಮನಾಥಪುರದ ಕಡೆಯ ಒಬ್ಬ ರೈತ, ಇನ್ನೂ ಓದುತ್ತಿದ್ದ ಒಬ್ಬ ಹುಡುಗ. ನಾನು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವನು. ಮೊದಲು ಮಹಾರಾಜ ಪಾರ್ಕಿನಲ್ಲಿ ಕೂತು ನೋಡಿದೆವು. ಮಕ್ಕಳ ಗಲಾಟೆ, ಮಳೆ. ಆಮೇಲೆ ಒಂದು ಟ್ಯೂಷನ್ ರೂಮು ಸಿಕ್ಕಿತು. ಭಾನುವಾರ ಬೆಳಿಗ್ಗೆ ಮೂರು ಗಂಟೆ ಹೊತ್ತಿಗೆ 300 ರೂಪಾಯಿ. ಕಾಫಿ, ಜೆರಾಕ್ಸು ಸೇರಿದರೆ ತಲೆಗೆ 80, 90 ಬೀಳುತ್ತಿತ್ತು.

ಮೊದಲ ವರ್ಷ ಪೂರ್ತಿ ನೀರಿನಲ್ಲಿ ಹೋಮ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಇದೇ ದಾರಿಯಲ್ಲಿ ನೀವೂ ದುಡ್ಡು ಕಳೆಯಬೇಡಿ.

ಹೆಸರಾಂತ ಕತೆಗಾರರೊಬ್ಬರನ್ನು ಬೆಂಗಳೂರಿನಿಂದ ಕರೆಸಿದೆವು. ಕಾರು, ಊಟ, ಗೌರವಧನ ಎಲ್ಲ ಸೇರಿ 7,000 ದಾಟಿತು. ಎರಡೂವರೆ ಗಂಟೆ ಸೊಗಸಾಗಿ ಮಾತಾಡಿದರು. ಮುಂದಿನ ಭಾನುವಾರ ಯಾರ ಕೈಯಲ್ಲೂ ಹೊಸ ಪುಟ ಇರಲಿಲ್ಲ.

ವಿಷಯ ಕೊಟ್ಟು ಬರೆಸಿದೆವು. "ಮಳೆ" ಅಂತ ಕೊಟ್ಟರೆ ಎಲ್ಲರ ಕತೆಯಲ್ಲೂ ಕಿಟಕಿ, ಎಲ್ಲರ ಕತೆಯಲ್ಲೂ ಸತ್ತುಹೋದ ಅಜ್ಜಿ. ಚೀಟಿಯಲ್ಲಿ ಅಭಿಪ್ರಾಯ ಬರೆದುಕೊಡಿ ಅಂದೆವು. ಹತ್ತಕ್ಕೆ ಒಂಬತ್ತು ಚೀಟಿಯಲ್ಲಿ "ಚೆನ್ನಾಗಿದೆ, ಕೊನೆ ಇನ್ನೂ ಬಿಗಿಯಾಗಬಹುದಿತ್ತು". ಯಾವ ಕತೆಗಾದರೂ ಅಂಟಿಸಬಹುದಾದ ಮಾತು ಅದು, ಅಲ್ವಾ? ವಾಟ್ಸಾಪಿಗೆ ಹಾಕಿದರೆ ಹೆಬ್ಬೆರಳು, ಹೂವು, ಕೈ ಮುಗಿಯುವ ಚಿತ್ರ. ಕೊನೆಗೆ, ಬರೆಯದೆ ಬಂದವರಿಗೆ 100 ರೂಪಾಯಿ ದಂಡ ಅಂತ ಮಾಡಿದೆವು. ಎಲ್ಲರೂ ದಂಡ ಕಟ್ಟಿ ನೆಮ್ಮದಿಯಾಗಿ ಕಾಫಿ ಕುಡಿದರು. ಡಬ್ಬಿಯಲ್ಲಿ ನಾಲ್ಕು ಸಾವಿರದ ಹತ್ತಿರ ಸೇರಿತು, ಕತೆ ಸೇರಲಿಲ್ಲ.

ನಮ್ಮ ಈಗಿನ ದಾರಿ ಸಿಕ್ಕಿದ್ದು ಒಂದು ಸಣ್ಣ ಪ್ರಸಂಗದಿಂದ. ಹಿಂದಿನ ವಾರ ತಪ್ಪಿಸಿಕೊಂಡಿದ್ದ ಹುಡುಗ ಬಂದು "ಹೋದ್ವಾರ ಯಾರ್ ಕತೆ ಓದಿದ್ರಿ, ಏನಿತ್ತು?" ಅಂದ. ನರ್ಸ್ ಮೇಡಂ ಹೇಳೋಕೆ ಶುರು ಮಾಡಿದರು. ಕತೆ ಟೀಚರ್ ಒಬ್ಬರದ್ದು, ಸುಮಾರು 3,500 ಪದ ಇತ್ತು. ಮೇಡಂ ಹೇಳಿದ್ದು ನಾಲ್ಕು ನಿಮಿಷ. ಮೊದಲ ಎರಡು ಪುಟ ಅವರ ಬಾಯಲ್ಲಿ ಬರಲೇ ಇಲ್ಲ. ಕತೆಯಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುವ ಒಂದು ತೂತಾದ ಕೊಡೆಯ ಬಗ್ಗೆ ಮಾತ್ರ ಒಂದು ನಿಮಿಷ ಹೇಳಿದರು. ಬರೆದ ಟೀಚರ್ ಮುಖ ನೋಡಬೇಕಿತ್ತು. ಯಾವ ಚೀಟಿಯೂ, ಯಾವ ಭಾಷಣವೂ ಅವರಿಗೆ ಅಷ್ಟು ಹೇಳಿರಲಿಲ್ಲ.

ಅವತ್ತಿನಿಂದ ನಮ್ಮ ಕ್ರಮ ಹೀಗೆ. ಬರೆದವರು ತಮ್ಮ ಕತೆಯನ್ನು ತಾವು ಓದುವಂತಿಲ್ಲ, ಇನ್ನೊಬ್ಬರು ಓದುತ್ತಾರೆ. ಬರೆದವರು ಪೆನ್ನು ಹಿಡಿದು ಕೂತು, ಓದುವವರು ಎಲ್ಲಿ ಎಡವುತ್ತಾರೋ ಅಲ್ಲಿ ಗೆರೆ ಹಾಕಿಕೊಳ್ಳುತ್ತಾರೆ. ಅವತ್ತು ಚರ್ಚೆಯೇ ಇಲ್ಲ. ಪ್ರತಿಗಳನ್ನು ವಾಪಸ್ ತೆಗೆದುಕೊಳ್ಳುತ್ತೇವೆ. ಕೆಲವು ದಿನ ಬಿಟ್ಟು, ಕೇಳಿದವರಲ್ಲಿ ಒಬ್ಬರು ಕಾಗದ ನೋಡದೆ ಆ ಕತೆಯನ್ನು ಹೇಳಬೇಕು. ಯಾರು ಅಂತ ಹೇಳುವ ದಿನವೇ ಚೀಟಿ ಎತ್ತುತ್ತೇವೆ. ಮೊದಲೇ ಗೊತ್ತಾದರೆ ಗಮನ ಇಟ್ಟು ಕೇಳಿಬಿಡುತ್ತಾರೆ, ಅದು ಬೇಡ. ಹೇಳುವವರು ಬಿಟ್ಟದ್ದನ್ನೆಲ್ಲ ಬರೆದವರು ತಮ್ಮ ಪ್ರತಿಯಲ್ಲಿ ಹೊಡೆದುಹಾಕಬೇಕು. ಆಮೇಲೆ ಮನೆಗೆ ಹೋಗಿ, ಯಾವುದು ಇಲ್ಲದಿದ್ದರೆ ನಿಜವಾಗಿಯೂ ಕತೆ ನಿಲ್ಲುವುದಿಲ್ಲವೋ ಅದನ್ನು ಮಾತ್ರ ವಾಪಸ್ ತರಬೇಕು.

ಮೊದಲು ಒಂದು ವಾರದ ಅಂತರ ಇತ್ತು. 2023ರ ಆಶ್ವೀಜದಲ್ಲಿ ಹಾಸನಾಂಬೆ ದೇವಸ್ಥಾನದ ಬಾಗಿಲು ತೆರೆದಾಗ ನಮ್ಮ ಲೆಕ್ಕ ತಪ್ಪಿತು. ವರ್ಷಕ್ಕೊಮ್ಮೆ ಕೆಲವೇ ದಿನ ದರ್ಶನ. ಊರು ತುಂಬ ಜನ, ಬಸ್ಸಿಗೆ ಹತ್ತೋಕಾಗಲ್ಲ, ಆಟೋ ಸಿಗಲ್ಲ. ಎರಡು ಭಾನುವಾರ ಕೈಬಿಟ್ಟೆವು. ಬಲಿಪಾಡ್ಯಮಿ ಮುಗಿದು ಮತ್ತೆ ಕೂತಾಗ ಕತೆ ಕೇಳಿ ಮೂರು ವಾರ ಆಗಿತ್ತು. ಅವತ್ತು ಹೇಳಿದ ಕತೆ ಎಷ್ಟು ಚೊಕ್ಕವಾಗಿ ಬಂತು ಅಂದರೆ, ಅಲ್ಲಿಂದ ಮೂರು ವಾರವನ್ನೇ ನಿಯಮ ಮಾಡಿಕೊಂಡೆವು. ಒಂದು ವಾರಕ್ಕೆ ನೆನಪಿನಲ್ಲಿ ಚಂದದ ಸಾಲುಗಳೂ ಉಳಿದಿರುತ್ತವೆ. ಮೂರು ವಾರಕ್ಕೆ ನಡೆದದ್ದು ಮಾತ್ರ ಉಳಿಯುತ್ತೆ.

ಒಂದು ಉದಾಹರಣೆ ಕೊಡುತ್ತೇನೆ, ಬರೆದವರ ಒಪ್ಪಿಗೆ ಇದೆ. ರಾಮನಾಥಪುರದ ಗೆಳೆಯನ ಕತೆ. ಅವರ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ, ಊರಲ್ಲೇ ಹರಾಜು ಮಾರುಕಟ್ಟೆ ಇದೆ. ಒಬ್ಬ ಮುದುಕ ರಾತ್ರಿಯಿಡೀ ಬ್ಯಾರನ್ನಿನ, ಅಂದರೆ ಸೊಪ್ಪು ಬೇಯಿಸಿ ಒಣಗಿಸುವ ಮನೆಯ, ಉರಿ ನೋಡಿಕೊಳ್ಳುತ್ತಿದ್ದಾನೆ. ಮಗ ಬೆಂಗಳೂರಿನಿಂದ ಬಂದಿದ್ದಾನೆ, ಜಮೀನು ಮಾರುವ ಮಾತು ಎತ್ತಬೇಕು. ಕತೆ ಶುರುವಾಗುತ್ತಿದ್ದದ್ದು ಹೀಗೆ:

"ಕಾವೇರಿ ತಾಯಿ ತನ್ನ ಒಡಲಲ್ಲಿ ಶತಮಾನಗಳ ಕಥೆಗಳನ್ನು ಹುದುಗಿಸಿಕೊಂಡು ಮೌನವಾಗಿ ಹರಿಯುತ್ತಿದ್ದಳು. ಬಾನಂಚಿನಲ್ಲಿ ಕೆಂಪು ಕರಗಿ ಕತ್ತಲೆ ತನ್ನ ಕಂಬಳಿಯನ್ನು ಹಾಸುತ್ತಿತ್ತು..."

ಹೀಗೆ ಒಂದೂವರೆ ಪುಟ. ಮೂರು ವಾರದ ನಂತರ ನರ್ಸ್ ಮೇಡಂ ಹೇಳಿದರು: "ಒಬ್ರು ತಾತ. ಬ್ಯಾರನ್ ಕಿಂಡಿಗೆ ಟಾರ್ಚ್ ಬಿಟ್ಟು ಥರ್ಮಾಮೀಟರ್ ನೋಡ್ತಾರೆ. ಕಣ್ಣು ಕಾಣ್ಸಲ್ಲ. ಮಗನ್ನ ಕೇಳ್ಬೇಕು, ಕೇಳಲ್ಲ." ಅಷ್ಟೇ. ಕಾವೇರಿ ಎಲ್ಲೂ ಇಲ್ಲ. ಇನ್ನೊಂದು ತಮಾಷೆ ಅಂದರೆ, ಮೂಲದಲ್ಲಿ ಮುದುಕನ ಕಣ್ಣು ಮಂದ ಅಂತ ಎಲ್ಲೂ ಬರೆದಿರಲಿಲ್ಲ. "ಎರಡೆರಡು ಸಲ ನೋಡಿದ" ಅಂತ ಮಾತ್ರ ಇತ್ತು. ಮೇಡಂ ತಾವೇ ಕಣ್ಣು ಕಾಣಿಸದ ಹಾಗೆ ಮಾಡಿಕೊಂಡಿದ್ದರು. ಗೆಳೆಯ ಅದನ್ನು ಹಿಡಿದುಕೊಂಡ. ಈಗ ಕತೆ ಶುರುವಾಗುವುದು:

"ಟಾರ್ಚು ಬಿಟ್ಟು ನೋಡಿದ. ಪಾದರಸ ಎಲ್ಲಿ ನಿಂತಿದೆ ಅಂತ ತಿಳಿಯಲಿಲ್ಲ. ಮಗ ಜಗಲಿಯ ಮೇಲೆ ಎಚ್ಚರವಾಗಿಯೇ ಇದ್ದ."

ಮೂರು ಸಾಲಿನಲ್ಲಿ ಕತೆಯ ಕಷ್ಟ ಪೂರ್ತಿ ಬಂತು. "ಅವನು" ಅಂತ ಒಂದು ಕಡೆಯೂ ಇಲ್ಲ, ಕ್ರಿಯಾಪದವೇ ಆ ಕೆಲಸ ಮಾಡುತ್ತಿದೆ. 4,000 ಪದದ ಕತೆ 2,200ಕ್ಕೆ ಇಳಿಯಿತು. ಸ್ಪರ್ಧೆಗಳ ಪದಮಿತಿಯೂ ಹೆಚ್ಚುಕಡಿಮೆ ಅಲ್ಲೇ ಇರುವುದರಿಂದ ಮತ್ತೆ ಕತ್ತರಿಸುವ ಕಷ್ಟ ಬರಲಿಲ್ಲ. ನಮ್ಮ ಗುಂಪಿಗೆ ಬಂದ ಇನ್ನೊಂದು ಬಹುಮಾನ ಈ ಕತೆಗೇ.

ಮರೆತದ್ದಕ್ಕಿಂತ ತಪ್ಪಾಗಿ ನೆನಪಿಟ್ಟುಕೊಂಡದ್ದು ಇನ್ನೂ ಬೆಲೆಯದ್ದು ಅಂತ ನಮಗೆ ಗೊತ್ತಾಗಿದ್ದು ಆ ದಿನವೇ. ಕೇಳಿದವರು ಎಲ್ಲಿ ಕತೆಯನ್ನು ಬದಲಾಯಿಸುತ್ತಾರೋ ಅಲ್ಲಿ ಕತೆಗೆ ಏನೋ ಬೇಕಾಗಿದೆ ಅಂತ ಅರ್ಥ. ಈಗ ಆ ಜಾಗಗಳಿಗೆ ಬೇರೆ ಬಣ್ಣದ ಪೆನ್ನು ಇಟ್ಟಿದ್ದೇವೆ.

ನಮ್ಮ ಪದ್ಧತಿಗೆ ಬಂದ ಆಕ್ಷೇಪಣೆಗಳಲ್ಲಿ ಒಂದು ಗಟ್ಟಿಯಾದದ್ದು. ಮರೆತದ್ದನ್ನೆಲ್ಲ ತೆಗೆದರೆ ಕತೆ ಪತ್ರಿಕೆಯ ಸುದ್ದಿ ಆಗಿಬಿಡುತ್ತೆ, ಅದರ ಹವೆ ಹೋಗುತ್ತೆ ಅಂತ ಓದುಬಲ್ಲ ಗೆಳೆಯರೊಬ್ಬರು ವಾದಿಸಿದರು. ಹೋಗುತ್ತೆ, ಒಂದೆರಡು ಕತೆಗಳಲ್ಲಿ ಹೋಗಿಯೂ ಇದೆ. ಅದಕ್ಕೇ, ಹೇಳಿ ಮುಗಿಸಿದ ಮೇಲೆ ನಾವು ಒಂದು ಪ್ರಶ್ನೆ ಕೇಳುತ್ತೇವೆ. ಆ ಒಂದು ಪ್ರಶ್ನೆಯಿಂದ ಯಾವ ವರ್ಣನೆ ಉಳಿಯಬೇಕು ಅಂತ ತಿಳಿದುಬಿಡುತ್ತೆ. ಆ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ಅದು ನಮ್ಮ ಮೂರು ವರ್ಷದ ದುಡಿಮೆ. ಕೊನೆಯ ಸಾಲನ್ನು ಆರಿಸುವ ವಿಧಾನವೂ ಅಷ್ಟೇ.

ಹೇಳಿ ದಾಟಿಸುವುದೇನೂ ನಾವು ಕಂಡುಹಿಡಿದದ್ದಲ್ಲ. ಮಾಸ್ತಿಯವರ ಮೊದಲ ಸಂಕಲನ ಬಂದದ್ದು 1920ರಲ್ಲಿ. ಅವರ ಎಷ್ಟೋ ಕತೆಗಳಲ್ಲಿ ಯಾರೋ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿಸಿಕೊಂಡು ನಮಗೆ ಹೇಳುತ್ತಾರೆ. ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋದರೂ ಕೆಡದಂಥ ಕತೆ ಅವು. ನಾವು ಮಾಡಿದ್ದು, ಆ ದಾರಿಯನ್ನು ತಿದ್ದುವ ಕೆಲಸಕ್ಕೆ ತಂದುಕೊಂಡದ್ದು.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಫೋನಿಗೆ ಬಾಯಲ್ಲಿ ಹೇಳಿ ಟೈಪ್ ಮಾಡಿಸಿ ನೋಡಿದೆ. ಸಂಭಾಷಣೆ ಜೀವಂತವಾಗಿ ಬಂತು, ನಿರೂಪಣೆ ಹರಟೆಯಾಯಿತು. ಹಾಗಾಗಿ ಈಗಲೂ ಮಾತುಕತೆಯ ಭಾಗವನ್ನು ಮಾತ್ರ ಹಾಗೆ ಬರೆಯುತ್ತೇನೆ. ಹುಡುಗ ಒಂದು ಕತೆಯನ್ನು ಪೂರ್ತಿ ನಮ್ಮ ಕಡೆ ಮಾತಿನಲ್ಲೇ ಬರೆದ, "ಬಂದವ್ನೆ", "ವೋಯ್ತೀನಿ" ಅಂತ. ಧಾರವಾಡ ಕಡೆಯ ಟೀಚರ್ ಓದುವಾಗ ಪ್ರತಿ ಸಾಲಿನಲ್ಲೂ ನಿಂತರು. ನಿರೂಪಣೆಯನ್ನು ಪುಸ್ತಕದ ಕನ್ನಡಕ್ಕೆ ತಂದು, ಮಾತಿನಲ್ಲಿ ಮಾತ್ರ ಆ ಸೊಗಡು ಉಳಿಸಿದಾಗ ಸರಾಗವಾಯಿತು. ಇನ್ನೊಬ್ಬರು ಕತೆಯನ್ನು ಎಐ ಸಾಫ್ಟ್‌ವೇರಿಗೆ ಕೊಟ್ಟು ಸಾರಾಂಶ ಮಾಡಿಸಿ ತಂದರು. ಕಾವೇರಿಯೂ ಇತ್ತು, ಕಂಬಳಿಯೂ ಇತ್ತು, ಎಲ್ಲವೂ ಅಚ್ಚುಕಟ್ಟಾಗಿ ಇತ್ತು. ಅದರಿಂದ ನಮಗೆ ಉಪಯೋಗ ಆಗಲಿಲ್ಲ. ನಮಗೆ ಬೇಕಾದದ್ದು ಮನುಷ್ಯರ ಮರೆವು.

ನಿಜವಾಗಿ ಫಲ ಕೊಟ್ಟ ಪ್ರಯೋಗ ನಮ್ಮ ಅಮ್ಮನದು. ಅಮ್ಮನಿಗೆ ಓದು ಬರಲ್ಲ. ಕತೆ ಓದಿ ಹೇಳಿ, ಹದಿನೈದು ದಿನ ಬಿಟ್ಟು "ಅವತ್ತಿನ ಕತೆ ಏನಮ್ಮ?" ಅಂತ ಕೇಳುತ್ತೇನೆ. ನಾನು ಪಾತ್ರದ ಮನಸ್ಸಿನೊಳಗೆ ಹೊಕ್ಕು ಬರೆದ ಯಾವುದನ್ನೂ ಅಮ್ಮ ಹೇಳಲ್ಲ. ಯಾರು ಯಾರಿಗೆ ಎಷ್ಟು ದುಡ್ಡು ಕೊಡಬೇಕಿತ್ತು ಅನ್ನೋದನ್ನು ಒಂದು ರೂಪಾಯಿ ಬಿಡದೆ ಹೇಳುತ್ತಾಳೆ. ನನ್ನ ಬಹುಮಾನದ ಕತೆಯಲ್ಲಿ ಕೈಸಾಲದ ಲೆಕ್ಕ ನಡುವಿಗೆ ಬಂದದ್ದು ಅಮ್ಮನಿಂದ.

2025ರ ಮೇನಲ್ಲಿ ನಮ್ಮೂರಿನ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 12 ಕತೆಗಳ ಪುಸ್ತಕಕ್ಕೆ. ಸಣ್ಣಕತೆಗಳ ಸಂಕಲನಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ನಮಗಾದ ಸಂತೋಷ ಹೇಳತೀರದು. ಆಮೇಲಿನ ಭಾನುವಾರಗಳಲ್ಲಿ ಟ್ಯೂಷನ್ ರೂಮಿನ ಬಾಗಿಲಲ್ಲಿ ಇಪ್ಪತ್ತು ಜನ ನಿಂತಿರುತ್ತಿದ್ದರು. ಎಂಟಕ್ಕಿಂತ ಜಾಸ್ತಿ ಆದರೆ ಈ ಪದ್ಧತಿ ನಡೆಯಲ್ಲ. ಹೇಳುವ ಸರದಿ ಬರುವ ಹೊತ್ತಿಗೆ ಆಸೆ ಹೋಗಿರುತ್ತೆ. ಹಾಗಾಗಿ ಅವರಿಗೆ ಬೇರೆಬೇರೆ ಗುಂಪು ಮಾಡಿಕೊಟ್ಟೆವು, ಒಂದೊಂದಕ್ಕೂ ನಮ್ಮವರೊಬ್ಬರು ಮೊದಲ ಎರಡು ತಿಂಗಳು ಹೋಗಿ ಕೂತರು. ಒಂದು ಗುಂಪು ಅರಸೀಕೆರೆಯಲ್ಲಿ ಈಗಲೂ ಚೆನ್ನಾಗಿ ನಡೆಯುತ್ತಿದೆ. ಇನ್ನೊಂದು ಜಗಳದಲ್ಲಿ ಮುಗಿಯಿತು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮೂರು ವರ್ಷಕ್ಕೆ ಬಾಡಿಗೆ, ಕಾಫಿ, ಜೆರಾಕ್ಸು, ಅಂಚೆ ಸೇರಿ ಗುಂಪಿನಿಂದ 70,000ದ ಆಸುಪಾಸು ಖರ್ಚಾಗಿದೆ. ಎರಡು ಬಹುಮಾನ, ವಾರಪತ್ರಿಕೆ ಮಾಸಪತ್ರಿಕೆಗಳಲ್ಲಿ ಅಚ್ಚಾದ ಹದಿನೈದಿಪ್ಪತ್ತು ಕತೆಗಳ ಸಂಭಾವನೆ ಸೇರಿ ಬಂದದ್ದು ಅದರ ಅರ್ಧ ಇರಬಹುದು. ಸಂಭಾವನೆ ಕೆಲವರು 500 ಕಳಿಸುತ್ತಾರೆ, ಕೆಲವರು 1,000, ಕೆಲವರು ಬರೀ ಪ್ರತಿ. ಆದರೆ ಕೊಡೆಯ ಕತೆ ಬರೆದ ಟೀಚರ್ ಮೊದಲ ಸಂಕಲನವನ್ನು ಪ್ರಕಾಶಕರು ಅವರಿಂದ ಒಂದು ಪೈಸೆ ಕೇಳದೆ ತರುತ್ತಿದ್ದಾರೆ. ಸ್ವಂತ ಖರ್ಚಿನಲ್ಲಿ ಮಾಡಿಸಿದ್ದರೆ 300 ಪ್ರತಿಗೆ 40,000ಕ್ಕೆ ಕಡಿಮೆ ಆಗುತ್ತಿರಲಿಲ್ಲ. ನನಗೆ ಇದು ದೊಡ್ಡ ಲಾಭವೇ.

ಈಗ ನೀಳ್ಗತೆಗೆ ಕೈ ಹಾಕಿದ್ದೇವೆ. ಒಂದೇ ಸಲ ಕೂತು ಓದಿದರೆ ಮುಗಿಯಲ್ಲ, ಒಬ್ಬರೇ ಪೂರ್ತಿ ಹೇಳೋಕೂ ಆಗಲ್ಲ. ಮೂರು ಭಾಗ ಮಾಡಿ ಮೂವರ ಹತ್ತಿರ ಹೇಳಿಸುತ್ತಿದ್ದೇವೆ. ಒಬ್ಬರು ಹೇಳುವಾಗ ಮುಂದಿನವರು ಹೊರಗೆ ಇರಬೇಕು. ನರ್ಸ್ ಮೇಡಂ ಬರೆದದ್ದು 18,000 ಪದ ಇತ್ತು, ಮೊದಲ ಸುತ್ತಿಗೆ 13,000ಕ್ಕೆ ಬಂದಿದೆ. ಈಗಿನ ಸುತ್ತಿನಲ್ಲಿ ಹೇಳಿದ ಇಬ್ಬರೂ ಒಂದೇ ಪಾತ್ರವನ್ನು ಮರೆತಿದ್ದಾರೆ. ಆ ಪಾತ್ರ ತೆಗೆಯಲ್ಲ ಅಂತ ಮೇಡಂ ಹಟ ಹಿಡಿದಿದ್ದಾರೆ, ಮೂರನೆಯವರ ಸರದಿ ಬರುವ ಭಾನುವಾರ ಇದೆ.