ಊರಿಂದ ಅಪ್ಪ ಅಮ್ಮ ಯುಕೆಗೆ ಬರ್ತಿದಾರಾ? ರೈಲ್‌ಕಾರ್ಡ್ ಮಾಡಿಸ್ಕೊಡಿ

ಬೇಸಿಗೆ ಹತ್ರ ಬಂತು ಅಂದ್ರೆ ಹೊಸದಾಗಿ ಬಂದಿರೋರು ಯಾರಾದ್ರೂ ಕೇಳೇ ಕೇಳ್ತಾರೆ, ಊರಿಂದ ಅಪ್ಪ ಅಮ್ಮ ಬರ್ತಿದಾರೆ, ಇಲ್ಲಿ ಟ್ರೈನ್ ಟಿಕೆಟ್ ರೇಟ್ ನೋಡಿದ್ರೆ ಎದೆ ಧಸಕ್ ಅನ್ನುತ್ತೆ, ಏನಾದ್ರೂ ದಾರಿ ಇದ್ಯಾ ಅಂತ. ಇದೆ. ಸೀನಿಯರ್ ರೈಲ್‌ಕಾರ್ಡ್ ಅಂತ. 60 ತುಂಬಿದವರಿಗೆ, ಗಂಡಸರಾಗ್ಲಿ ಹೆಂಗಸರಾಗ್ಲಿ, ಟಿಕೆಟಲ್ಲಿ ಮೂರರಲ್ಲೊಂದು ಭಾಗ ಕಮ್ಮಿ ಆಗುತ್ತೆ. ನಮ್ಮಲ್ಲಿ 2020ರ ಮಾರ್ಚಲ್ಲಿ ಸೀನಿಯರ್ ಸಿಟಿಜನ್ ರಿಯಾಯ್ತಿ ನಿಲ್ಲಿಸಿದ್ಮೇಲೆ ನಮ್ಮಪ್ಪ ಅದನ್ನ ಬೈಯದ ದಿನ ಇಲ್ಲ, ಇಲ್ಲಿ ಕಾರ್ಡ್ ಕೈಗೆ ಬಂದಾಗ ಅವರ ಮುಖ ನೋಡ್ಬೇಕಿತ್ತು.

ಮೊದ್ಲು ಒಂದು ಅನುಮಾನ ಬಗೆಹರಿಸ್ಕೊಳ್ಳಿ. ಎಷ್ಟೋ ಜನ ಇದು ಇಲ್ಲಿನವರಿಗೆ ಮಾತ್ರ ಅಂದ್ಕೊಂಡು ಸುಮ್ನಾಗ್ತಾರೆ. ಹಾಗೇನಿಲ್ಲ, ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆ ಬಂದೋರೂ ತಗೋಬಹುದು. ಲಂಡನ್ನಲ್ಲಿ ವಯಸ್ಸಾದೋರಿಗೆ ಕೊಡೋ ಫ್ರೀ ಪಾಸ್‌ಗಳು, 60 ಪ್ಲಸ್ ಆಯ್ಸ್ಟರ್, ಫ್ರೀಡಂ ಪಾಸ್ ಇವೆಲ್ಲ ಬೇರೆ, ಅವು ಅಲ್ಲೇ ವಾಸ ಇರೋರಿಗೆ ಅಷ್ಟೆ, ಎರಡನ್ನೂ ಕಲಸ್ಕೋಬೇಡಿ. ಕೌಂಟರ್ ಇರೋ ಸ್ಟೇಷನ್ನಿಗೆ ಪಾಸ್‌ಪೋರ್ಟ್ ತಗೊಂಡು ಹೋಗಿ, ಅದೇ ಸುಲಭ. ಆನ್‌ಲೈನಲ್ಲೂ ಆಗುತ್ತೆ, ಡಿಜಿಟಲ್ ಕಾರ್ಡ್ ಆದ್ರೆ ಫೋಟೋನೂ ಅಪ್‌ಲೋಡ್ ಮಾಡ್ಬೇಕು.

ಇಲ್ಲೊಂದು ನಮ್ಮೋರಿಗೇ ಬರೋ ತಾಪತ್ರಯ ಇದೆ. ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬಾಯಿಗೆ ಬಂದ ಡೇಟ್ ಬರ್ಕೊಂಡ್ರು, ಅದೇ ಪಾಸ್‌ಪೋರ್ಟಿಗೂ ಬಂತು. ನಮ್ಮತ್ತೆಗೆ ನಿಜವಾಗ್ಲೂ 61, ಪಾಸ್‌ಪೋರ್ಟಲ್ಲಿ 59. ಪಾಸ್‌ಪೋರ್ಟಲ್ಲಿ ಇರೋದೇ ಲೆಕ್ಕ, ಜಾತಕ ತೋರ್ಸಿದ್ರೆ ಯಾರೂ ಕೇಳಲ್ಲ. ಹೆಸರೂ ಅಷ್ಟೆ, ಇನಿಷಿಯಲ್ಲು, ಊರಿನ ಹೆಸರು ಎಲ್ಲ ಪಾಸ್‌ಪೋರ್ಟಲ್ಲಿ ಹೇಗಿದೆಯೋ ಹಾಗೇ ಬರೆಸಿ.

ದುಡ್ಡಿನ ವಿಷಯ. 2025ರ ಮಾರ್ಚಿಂದ ಒಂದು ವರ್ಷಕ್ಕೆ 35 ಪೌಂಡ್, ಮುಂಚೆ 30 ಇತ್ತು. ಮೂರು ವರ್ಷದ್ದು 80. ವರ್ಷಕ್ಕೆ 105 ಪೌಂಡಿನ ಟಿಕೆಟ್ ತಗೊಂಡ್ರೆ ಕಾರ್ಡಿನ ದುಡ್ಡು ವಾಪಸ್ ಬಂದಂಗೆ, ಎಡಿನ್‌ಬರೋಗೆ ಹೋಗಿ ಬಂದ್ರೆ ಎಷ್ಟೋ ಸಲ ಅಲ್ಲಿಗೇ ಸರಿಹೋಗುತ್ತೆ. ಆದ್ರೆ ಇಬ್ಬರಿಗೂ ಒಂದೊಂದು ತಗೊಂಡು 70 ಕೊಡೋ ಮುಂಚೆ ಸ್ವಲ್ಪ ಯೋಚನೆ ಮಾಡಿ. ಟೂ ಟುಗೆದರ್ ಅಂತ ಇನ್ನೊಂದು ಕಾರ್ಡಿದೆ, ಅದೂ 35 ಪೌಂಡ್, ಒಂದೇ ಕಾರ್ಡಲ್ಲಿ ಇಬ್ಬರ ಹೆಸರು, ವಯಸ್ಸಿನ ಗೊಡವೆ ಇಲ್ಲ, ಅತ್ತೆ ಥರ ಪಾಸ್‌ಪೋರ್ಟಲ್ಲಿ 59 ಇರೋರಿಗೂ ನಡಿಯುತ್ತೆ. ಇಬ್ಬರೂ ಜೊತೇಲೇ ಹೋಗ್ಬೇಕು, ವಾರದ ದಿನ ಬೆಳಗ್ಗೆ ಒಂಬತ್ತೂವರೆ ಒಳಗೆ ನಡಿಯಲ್ಲ, ಅಷ್ಟೇ ಕಂಡೀಷನ್. ನಮ್ಮಪ್ಪ ಅಮ್ಮ ಒಬ್ಬರನ್ನ ಬಿಟ್ಟು ಒಬ್ಬರು ಟ್ರೈನ್ ಹತ್ತಲ್ಲ ಅಂತ ಗೊತ್ತಿದ್ರೂ ಮೊದಲ ವರ್ಷ ಎರಡು ಸೀನಿಯರ್ ಕಾರ್ಡ್ ತಗೊಂಡು 35 ಪೌಂಡ್ ದಂಡ ಮಾಡ್ದೆ.

ಸೀನಿಯರ್ ಕಾರ್ಡಿಗೂ ಟೈಮಿನ ಕಟ್ಟುಪಾಡು ಇದೆ, ಆದ್ರೆ ಲಂಡನ್ ಮತ್ತೆ ಸುತ್ತಮುತ್ತಲ ಆಗ್ನೇಯ ಭಾಗದ ಒಳಗಡೆನೇ ಓಡಾಡಿದ್ರೆ ಮಾತ್ರ, ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗಿನ ಪೀಕ್ ಟೈಮಲ್ಲಿ ನಡಿಯಲ್ಲ. ನಮ್ಮೋರು ಎಲ್ರೂ ಮಾಡೋ ತಪ್ಪು ಇದೇ. ಅಪ್ಪಂಗೆ ಥೇಮ್ಸ್ ದಡದಲ್ಲಿ ಲ್ಯಾಂಬೆತ್ ಹತ್ರ 2015ರಲ್ಲಿ ಇಟ್ಟ ಬಸವಣ್ಣನ ಪುತ್ಥಳಿ ನೋಡ್ಲೇಬೇಕು ಅಂತ ಹಠ, ಬೆಳಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಕೊಂಡು ಏಳೂವರೆಗೇ ರೆಡಿ, ರೀಡಿಂಗಿಂದ ಆ ಹೊತ್ತಿಗೆ ಟಿಕೆಟ್ ನೋಡಿದ್ರೆ ಪೂರ್ತಿ ರೇಟು. ತಿಂಡಿ ತಿನ್ಸಿ, ಟೀ ಕೊಟ್ಟು, ಪೀಕ್ ಮುಗಿಯೋವರೆಗೂ ಕೂರಿಸ್ಕೊಂಡೆ. ದೂರದ ಊರುಗಳಿಗೆ ಈ ತೊಂದ್ರೆ ಇಲ್ಲ, ಮುಂಚೆನೇ ಬುಕ್ ಮಾಡೋ ಅಡ್ವಾನ್ಸ್ ಟಿಕೆಟಿಗೂ ಡಿಸ್ಕೌಂಟ್ ಸಿಗುತ್ತೆ. ಪ್ಯಾರಿಸ್ ಕಡೆ ಹೋಗೋ ಯೂರೋಸ್ಟಾರ್ ಟ್ರೈನಿಗೆ ಇಲ್ಲ, ನಾರ್ದರ್ನ್ ಐರ್ಲೆಂಡಲ್ಲೂ ಇಲ್ಲ.

ಲಂಡನ್ ಸುತ್ತೋದಿದ್ರೆ ಟ್ಯೂಬ್ (ಅಲ್ಲಿನ ಮೆಟ್ರೋ) ಸ್ಟೇಷನ್ನಲ್ಲಿ ಸ್ಟಾಫಿಗೆ ಸೀನಿಯರ್ ಕಾರ್ಡನ್ನೂ, ದುಡ್ಡು ತುಂಬಿಸಿ ಟ್ಯಾಪ್ ಮಾಡೋ ಮಾಮೂಲಿ ಆಯ್ಸ್ಟರ್ ಕಾರ್ಡನ್ನೂ ಕೊಟ್ಟು ಲಿಂಕ್ ಮಾಡ್ಕೊಡಿ ಅನ್ನಿ, ಟಿಕೆಟ್ ಮೆಷೀನಲ್ಲೇ ಮಾಡ್ಕೊಡ್ತಾರೆ, ಎರಡು ನಿಮಿಷದ ಕೆಲ್ಸ. ಆಮೇಲೆ ಆಫ್ ಪೀಕ್ ಟೈಮಲ್ಲಿ ಅಲ್ಲೂ ಮೂರರಲ್ಲೊಂದು ಭಾಗ ಕಮ್ಮಿ. ಬಸ್ಸಿಗೆ ಇಲ್ಲ. ಬ್ಯಾಂಕ್ ಕಾರ್ಡ್ ಟ್ಯಾಪ್ ಮಾಡಿದ್ರೂ ಇಲ್ಲ.

ಆ್ಯಪಲ್ಲಿ ಬುಕ್ ಮಾಡುವಾಗ ರೈಲ್‌ಕಾರ್ಡ್ ಎಷ್ಟು ಅಂತ ಕೇಳುತ್ತೆ, ಮೂರು ಜನ ಹೋಗ್ತಿದ್ದು ಕಾರ್ಡ್ ಇಬ್ಬರದೇ ಆದ್ರೆ ಎರಡೇ ಹಾಕಿ. ನಿಮ್ಮ ಟಿಕೆಟಿಗೂ ಅದನ್ನ ಸೇರಿಸಿ ಹತ್ತಿದ್ರೆ ಅದು ತಪ್ಪು ಟಿಕೆಟ್, ಇಂಗ್ಲೆಂಡಲ್ಲಿ ಪೆನಾಲ್ಟಿ ಫೇರ್, ಅಂದ್ರೆ ದಂಡ, 100 ಪೌಂಡ್ ಪ್ಲಸ್ ಟಿಕೆಟ್ ದುಡ್ಡು.

ಮತ್ತೆ ಟಿಕೆಟ್ ಒಂದೇ ಇದ್ರೆ ಸಾಲ್ದು, ಕಾರ್ಡೂ ಕೈಲಿರ್ಬೇಕು. ಡಿಜಿಟಲ್ ಕಾರ್ಡಿನ ಸ್ಕ್ರೀನ್‌ಶಾಟ್ ನಡಿಯಲ್ಲ, ಫೋನ್ ಚಾರ್ಜ್ ಖಾಲಿ ಆದ್ರೆ ಕಾರ್ಡ್ ಇಲ್ಲ ಅಂತಾನೇ ಲೆಕ್ಕ, ಅದಕ್ಕೇ ಅಪ್ಪ ಅಮ್ಮಂಗೆ ಪ್ಲಾಸ್ಟಿಕ್ ಕಾರ್ಡೇ ಸರಿ ಅಂತ ನನ್ನ ಅಭಿಪ್ರಾಯ. ಅದೂ ಕೈ ಕೊಡಲ್ಲ ಅಂತೇನಿಲ್ಲ. ಯಾರ್ಕಿಗೆ ಹೊರಟ ದಿನ ಚಳಿ ಜಾಸ್ತಿ ಅಂತ ಅಪ್ಪ ಕೊನೇ ಗಳಿಗೆಯಲ್ಲಿ ಕೋಟ್ ಬದಲಾಯಿಸಿದ್ರು, ಕಾರ್ಡ್ ಹಳೇ ಕೋಟಿನ ಜೇಬಲ್ಲೇ ಉಳೀತು. ಟ್ರೈನಲ್ಲಿ ಚೆಕ್ಕಿಂಗಿಗೆ ಬಂದ ಹೆಣ್ಮಗಳು ನಗ್‌ನಗ್ತಾನೇ ಹೊಸ ಟಿಕೆಟ್ ಹರಿದುಕೊಟ್ಲು. ವರ್ಷಕ್ಕೆ ಒಂದು ಸಲ ಹೀಗೆ ಮರೆತ್ರೆ ಆಮೇಲೆ ಕಾರ್ಡಿನ ವಿವರ ಕಳ್ಸಿ ಆ ದುಡ್ಡು ವಾಪಸ್ ಕೇಳಬಹುದು, ಎರಡೂ ಟಿಕೆಟ್ ಎಸೀಬೇಡಿ, ನಮಗೆ ಹಾಗೇ ಬಂತು. ಅವತ್ತಿಂದ ಕಾರ್ಡು, ಪಾಸ್‌ಪೋರ್ಟು ಎಲ್ಲ ಅಮ್ಮನ ವ್ಯಾನಿಟಿ ಬ್ಯಾಗಲ್ಲಿ, ಗುಳಿಗೆ ಡಬ್ಬಿ ಪಕ್ಕದಲ್ಲೇ ಇರುತ್ತೆ, ಅಪ್ಪ ಮುಟ್ಟೋ ಹಾಗಿಲ್ಲ.