ಬಲೂನು, ಟ್ಯಾಕರ್ ಇಲ್ಲದ ಟೆಪ್: ತಾಲ್ಲೂಕಿನ ನರ್ಸಿಂಗ್ ಹೋಮಿನಲ್ಲಿ ನನ್ನ ಅನುಭವ

ತೊಡೆಸಂದಿನ ಹರ್ನಿಯಾಕ್ಕೆ ಟೆಪ್ (ಸಣ್ಣ ರಂಧ್ರಗಳ ಮೂಲಕ, ಹೊಟ್ಟೆಯ ಒಳಪೊರೆಯ ಹೊರಗೇ ಮೆಶ್ ಎಂಬ ಬಲೆ ಇಡುವ ಶಸ್ತ್ರಚಿಕಿತ್ಸೆ) ಮಾಡುವುದು ದೊಡ್ಡ ಊರಿನ ಆಸ್ಪತ್ರೆಗಳ ಕೆಲಸ, ನಮಗೆ ಲಿಕ್ಟೆನ್‌ಸ್ಟೀನ್ (ಕೊಯ್ದು ತೆರೆದು ಮೆಶ್ ಹಾಕುವ ವಿಧಾನ) ಸಾಕು ಎಂದು ಹಿರಿಯರು ಹೇಳುತ್ತಿದ್ದುದಕ್ಕೆ ಹಣವೇ ಮುಖ್ಯ ಕಾರಣವಾಗಿತ್ತು. ಒಳಗೆ ಊದಿ ಜಾಗ ಮಾಡುವ ಕಂಪನಿಯ ಬಲೂನು ಮತ್ತು ಮೆಶ್ಶನ್ನು ಚುಚ್ಚಿ ನಿಲ್ಲಿಸುವ ಟ್ಯಾಕರ್ ಎರಡನ್ನೂ ಬಳಸಿದರೆ, ನನಗೆ ನೆನಪಿರುವಂತೆ, ಬಿಲ್ಲಿಗೆ 20,000 ರೂಪಾಯಿಯಷ್ಟು ಹೆಚ್ಚುವರಿ ಹೊರೆ ಬೀಳುತ್ತಿತ್ತು. ಮಂಡಿಯಲ್ಲಿ ಮೂಟೆ ಹೊರುವವರಿಗೆ ಅದು ಆಗದ ಮಾತು.

ಹಾಗಾಗಿ ಬಲೂನಿನ ಬದಲು ಮೊದಲು ಗ್ಲೌಸಿನ ಬೆರಳನ್ನು ಸಕ್ಷನ್ ಕ್ಯಾನುಲಾದ (ದ್ರವ ಹೀರುವ ಕೊಳವೆಯ) ತುದಿಗೆ ರೇಷ್ಮೆ ದಾರದಿಂದ ಬಿಗಿದು ಸಲೈನ್ ತುಂಬಿ ನೋಡಿದೆ. ಒಂಟಿ ಬೆರಳು 150 ಮಿ.ಲೀ. ಆಸುಪಾಸಿನಲ್ಲೇ ಒಡೆಯುತ್ತಿತ್ತು, ಆಮೇಲೆ ರಬ್ಬರಿನ ಚೂರುಗಳನ್ನು ಹೆಕ್ಕುವುದೇ ಒಂದು ಶಸ್ತ್ರಚಿಕಿತ್ಸೆಯಾಗುತ್ತಿತ್ತು. ಒಂದರೊಳಗೊಂದು ಎರಡು ಬೆರಳು ಸೇರಿಸಿದಾಗ ತಡೆದುಕೊಂಡಿತು. ಕೊನೆಗೆ ಅದನ್ನೂ ಬಿಟ್ಟು, 30 ಡಿಗ್ರಿ ಓರೆನೋಟದ ಸ್ಕೋಪಿನ (ಕ್ಯಾಮೆರಾ ಕೊಳವೆಯ) ತುದಿಯಿಂದಲೇ ಹೊಟ್ಟೆಯ ಮುಂಭಾಗದ ರೆಕ್ಟಸ್ ಸ್ನಾಯುವಿನ ಹಿಂದಿನ ಸಡಿಲ ಅಂಗಾಂಶವನ್ನು ಬಿಡಿಸುತ್ತ, ಕಿಬ್ಬೊಟ್ಟೆಯ ಮೂಳೆಗೆ ಅಂಟಿದ ಕೂಪರ್ ಲಿಗಮೆಂಟ್ ಬೆಳ್ಳಗೆ ಹೊಳೆಯುವವರೆಗೆ ಸಾಗುವುದನ್ನು ರೂಢಿಸಿಕೊಂಡೆ.

ಸ್ಪೈನಲ್‌ನಲ್ಲಿ (ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆಯಲ್ಲಿ) ಮಾಡುತ್ತೇನೆಂದಾಗ ಅರಿವಳಿಕೆ ತಜ್ಞರು ನಕ್ಕಿದ್ದರು. ಅವರ ಅನುಮಾನ ಪೂರ್ತಿ ಸುಳ್ಳೇನಲ್ಲ: ಪೆರಿಟೋನಿಯಂ (ಹೊಟ್ಟೆಯ ಒಳಪೊರೆ) ಹರಿದರೆ, ಜಾಗ ಹಿಗ್ಗಿಸಲು ತುಂಬಿದ ಅನಿಲ ಹೊಟ್ಟೆಯೊಳಗೆ ಸೋರಿ ನಮ್ಮ ಜಾಗ ಕುಗ್ಗುತ್ತದೆ, ರೋಗಿ ಭುಜ ನೋಯುತ್ತಿದೆ ಎನ್ನುತ್ತಾನೆ. ಅನಿಲದ ಒತ್ತಡವನ್ನು 12ರಿಂದ 10 ಮಿ.ಮೀ. ಪಾದರಸಕ್ಕೋ ಇನ್ನೂ ಕೆಳಕ್ಕೋ ಇಳಿಸಿ, ಎಡ ಪಕ್ಕೆಲುಬಿನ ಕೆಳಗೆ ವೆರೆಸ್ ಎಂಬ ಟೊಳ್ಳು ಸೂಜಿಯಿಂದ ಅನಿಲ ಹೊರಬಿಟ್ಟು, ರಂಧ್ರವನ್ನು ದಾರದ ಲೂಪ್ (ಕುಣಿಕೆ) ಹಾಕಿ ಮುಚ್ಚಿದರೆ ಬಹುತೇಕ ಕೆಲಸ ಮುಂದುವರಿಯುತ್ತದೆ.

ಟ್ಯಾಕರ್ ಬಿಡಬೇಕಾದರೆ ಕಾರ್ಡ್‌ನಿಂದ (ವೃಷಣದ ರಕ್ತನಾಳ, ವೀರ್ಯನಾಳಗಳ ಕಟ್ಟಿನಿಂದ) ಪೆರಿಟೋನಿಯಂ ಅನ್ನು ವಾಸ್ (ವೀರ್ಯನಾಳ) ಒಳಮುಖವಾಗಿ ತಿರುಗುವ ತಾಣದವರೆಗೂ ಬಿಡಿಸಲೇಬೇಕು. ಇಲ್ಲಿ ಅವಸರಪಟ್ಟರೆ ಕೊನೆಗೆ ಅನಿಲ ಹೊರಬಿಡುವಾಗ 15×10 ಸೆಂ.ಮೀ. ಮೆಶ್‌ನ ಕೆಳಅಂಚು ಮಡಚಿಕೊಳ್ಳುತ್ತದೆ. ಮೆಶ್ ಸುತ್ತುವ ನನ್ನ ಕ್ರಮವನ್ನು ಮಾತ್ರ ಬರೆಯುವುದಿಲ್ಲ, ನೋಡಬಯಸುವವರು ಥಿಯೇಟರಿಗೆ ಬರಬಹುದು.

ಮಹಾರಾಷ್ಟ್ರದ ದೊಂಡಾಯಿಚಾದ ಡಾ. ಟೊಂಗಾಂವ್ಕರ್ ಅವರು ಸೊಳ್ಳೆಪರದೆ ಬಟ್ಟೆಯನ್ನು ಮೆಶ್ ಆಗಿ ಬಳಸಿದ್ದನ್ನು ಓದಿ, ರೋಗಿಗಳ ಒಪ್ಪಿಗೆ ಪಡೆದು, 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿ (ಹಬೆಯಿಂದ ಕ್ರಿಮಿಶುದ್ಧಗೊಳಿಸಿ) ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಹಾಕಿದೆ; ಚೆನ್ನಾಗಿಯೇ ಕುಳಿತಿತು. ಟೆಪ್‌ನ ಇಕ್ಕಟ್ಟಿನಲ್ಲಿ ಮಾತ್ರ ಅದು ನನ್ನ ಕೈಗೆ ಒಗ್ಗಲಿಲ್ಲ, ತೆಳುವಾದ್ದರಿಂದ ತಾನಾಗಿ ಬಿಚ್ಚಿಕೊಳ್ಳದು.

ಆರಂಭದಲ್ಲಿ ಎರಡು ಗಂಟೆ ಹಿಡಿಯುತ್ತಿದ್ದದ್ದು ಈಗ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಮರುಕಳಿಸಿದ್ದು ಬೆರಳೆಣಿಕೆಯಷ್ಟು. ಸೆರೋಮಾ (ಶಸ್ತ್ರಚಿಕಿತ್ಸೆಯ ಜಾಗದಲ್ಲಿ ತುಂಬಿಕೊಳ್ಳುವ ದ್ರವ) ಬಂದರೆ ಸೂಜಿ ಚುಚ್ಚದೆ ಕಾಯುತ್ತೇನೆ. ದೊಡ್ಡ ಡೈರೆಕ್ಟ್ ಹರ್ನಿಯಾ (ತೊಡೆಸಂದಿನ ದುರ್ಬಲ ಗೋಡೆಯನ್ನೇ ನೇರವಾಗಿ ತಳ್ಳಿ ಬರುವುದು) ಇದ್ದರೆ ಮೆಶ್ಶನ್ನು ಕೂಪರ್ ಲಿಗಮೆಂಟಿಗೆ ಹೊಲಿಗೆ ಹಾಕಿ ನಿಲ್ಲಿಸುತ್ತೇನೆ. ಪ್ರಾಸ್ಟೇಟ್ ತೆಗೆಸಿಕೊಂಡವರಿಗೆ, ವೃಷಣಚೀಲಕ್ಕಿಳಿದು ಒಳಕ್ಕೆ ಹೋಗದ ಹರ್ನಿಯಾ ಇರುವವರಿಗೆ ಇಂದಿಗೂ ಲಿಕ್ಟೆನ್‌ಸ್ಟೀನ್ ಅನ್ನೇ ಮಾಡುತ್ತೇನೆ.