ಯಾವ ಓಎಸ್ ಸ್ಥಿರ? ವಾದಕ್ಕೆ ಮೊದಲು ಲಾಗ್ ನೋಡಿ

ವಿಂಡೋಸ್, ಲಿನಕ್ಸ್, ಮ್ಯಾಕ್ ಇವುಗಳಲ್ಲಿ ಯಾವ ಓಎಸ್ (ಆಪರೇಟಿಂಗ್ ಸಿಸ್ಟಮ್) ಕಡಿಮೆ ಕೈಕೊಡುತ್ತದೆ ಎಂದು ಹೋಲಿಸುವುದಾದರೆ ಒಂದೇ ಯಂತ್ರದಲ್ಲಿ ಹೋಲಿಸಿ. ಏನಾಯಿತು ಎಂದು ಓಎಸ್ ತಾನೇ ಬರೆದಿಡುವ ದಾಖಲೆಯೇ ಲಾಗ್. ಮೊದಲು ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಕನಿಷ್ಠ ಒಂದು ಪೂರ್ತಿ ಸುತ್ತು ಓಡಿಸಿ. ಒಂದೇ ಒಂದು ಎರರ್ ಬಂದರೂ ರ‍್ಯಾಮ್ ಕಡೆ ನೋಡಿ. ಯಾವ ಓಎಸ್ ಹಾಕಿದರೂ ಅದು ಬೀಳುತ್ತದೆ, ಬೈಗುಳ ಮಾತ್ರ ವಿಂಡೋಸ್‌ಗೆ.

ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ 'ರಿಲಯಬಿಲಿಟಿ' ಎಂದು ಹುಡುಕಿ. 1ರಿಂದ 10ರವರೆಗಿನ ಅಂಕದ ಗ್ರಾಫ್ ಬರುತ್ತದೆ. ಕೆಂಪು ಗುರುತು ಶುರುವಾದ ದಿನ ಯಾವ ಡ್ರೈವರ್ ಅಥವಾ ಅಪ್‌ಡೇಟ್ ಬಂದಿತ್ತು ನೋಡಿ, ಬಹಳ ಸಲ ಕಳ್ಳ ಅಲ್ಲೇ ಸಿಗುತ್ತಾನೆ. ವಿಂಡೋಸ್ ಲಾಗ್ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕಾಣುವ 'ಕರ್ನಲ್-ಪವರ್ 41' ಕಾರಣವಲ್ಲ, ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬ ಸುದ್ದಿ ಅಷ್ಟೇ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ (ಬ್ಲೂ ಸ್ಕ್ರೀನ್‌ನ ದೋಷಸಂಖ್ಯೆ) 0 ಇದ್ದರೆ ಕರೆಂಟ್, ಪವರ್ ಸಪ್ಲೈ, ಪೂರ್ತಿ ಹ್ಯಾಂಗ್ ಇವುಗಳನ್ನು ಅನುಮಾನಿಸಿ. ಬೇರೆ ಸಂಖ್ಯೆ ಇದ್ದರೆ ಬ್ಲೂ ಸ್ಕ್ರೀನ್ ಆಗಿದೆ. ಇನ್ನೊಂದು: ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಕರ್ನಲ್ (ಓಎಸ್‌ನ ತಿರುಳು) ಹೊಸದಾಗಿ ಶುರುವಾಗುವುದಿಲ್ಲ. ಹಾಗಾಗಿ ರೀಸ್ಟಾರ್ಟ್ ಮಾಡಿಯೇ ಪರೀಕ್ಷಿಸಿ.

ಲಿನಕ್ಸ್‌ನಲ್ಲಿ ಟರ್ಮಿನಲ್‌ನಲ್ಲಿ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ (journalctl) ಆಜ್ಞೆಗೆ '-b -1' ಸೇರಿಸಿದರೆ ಹಿಂದಿನ ಬೂಟ್‌ನ ದಾಖಲೆ ಸಿಗುತ್ತದೆ. 'ಔಟ್ ಆಫ್ ಮೆಮೊರಿ' ಕಂಡರೆ ಕರ್ನಲ್ ಕೆಟ್ಟಿಲ್ಲ. ಮೆಮೊರಿ ಸಾಲದೆ ಬ್ರೌಸರನ್ನೋ ಮತ್ತೊಂದನ್ನೋ ಅದೇ ಕೊಂದಿದೆ. ಕರ್ನಲ್ ಅಪ್‌ಡೇಟ್ ಆದಮೇಲೆ ಪರದೆ ಕಪ್ಪಾದರೆ ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿ. ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್ ಇರುವವರಿಗೆ ಇದು ಮಾಮೂಲು.

ಮ್ಯಾಕ್‌ನಲ್ಲಿ ಕನ್ಸೋಲ್ ಆ್ಯಪ್ ತೆರೆದು ಪ್ಯಾನಿಕ್ (ಕರ್ನಲ್ ಕುಸಿತದ) ವರದಿ ಓದಿದರೆ ಸಾಕು. ಆಯ್ದ ಹಾರ್ಡ್‌ವೇರ್ ಮಾತ್ರ ಇರುವುದರಿಂದ ಅಲ್ಲಿ ಡ್ರೈವರ್ ಜಗಳ ಕಡಿಮೆ.